ದೀಪ ಹಚ್ಚಿದ ಮೇಲೆ ಹೆಪ್ಪು

ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆ ಕೈಜಾರಿ ಬಿದ್ದರೆ ನನ್ನ ಕುತ್ತಿಗೆ ತಾನಾಗಿ ಹೆಗಲೊಳಗೆ ಇಳಿದುಬಿಡುತ್ತದೆ. ವಯಸ್ಸು ನಲವತ್ತರ ಹತ್ತಿರ ಬಂತು, ಮುಂಬಯಿಯ ವಿಲೆ ಪಾರ್ಲೆಯಲ್ಲಿ ಸ್ವಂತ ಮನೆಯಿದೆ, ದನಿ ಏರಿಸಲೂ ಬಾರದ ಗಂಡನಿದ್ದಾನೆ. ಆದರೂ ಈ ಹಾಳು ಕುತ್ತಿಗೆಗೆ ಬುದ್ಧಿ ಬಂದಿಲ್ಲ. ಮಗಳು ಬಿದ್ದುಬಿದ್ದು ನಗುತ್ತಾಳೆ. "ಅಮ್ಮಾ, ಪ್ಲೇಟ್ ಹೀ ತೋ ಹೈ, ಯಾಕೆ ಹೆದರ್ತೀ ನೀನು?" ಅನ್ನುತ್ತಾಳೆ. ಅವಳಿಗೆ ತಟ್ಟೆ ಬಿದ್ದರೆ ಬರೀ ತಟ್ಟೆ ಬಿದ್ದಂತೆ. ಅಷ್ಟಾಯಿತಲ್ಲ ಅಂತ ನನ್ನ ಹೊಟ್ಟೆ ತಂಪಾಗುತ್ತದೆ. ಅದಕ್ಕಾಗಿ ನಾನು ಇಬ್ಬರು ಹೆಂಗಸರಿಗೆ ಋಣಿ. ಒಬ್ಬಳು ನನ್ನ ಅವ್ವ. ಇನ್ನೊಬ್ಬರು ಮಲಾಡಿನ ವಠಾರದಲ್ಲಿ, ಅಂದರೆ ಚಾಳಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ.

ನಾವು ವಿಜಯಪುರ ಕಡೆಯವರು. ಅಪ್ಪ ಔಷಧ ಕಂಪನಿಯೊಂದರಲ್ಲಿ ಮೊದಲ ಪಾಳಿಗೆ ಹೋಗಿ ಮಧ್ಯಾಹ್ನವೇ ಮನೆಗೆ ಬರುತ್ತಿದ್ದ. ಕುಡಿಯುತ್ತಿರಲಿಲ್ಲ. ಕುಡಿದಿದ್ದರೆ ಎಲ್ಲವನ್ನೂ ಕುಡಿತದ ತಲೆಗೆ ಕಟ್ಟಬಹುದಿತ್ತು. ಹೊರಗಿನವರ ಹತ್ತಿರ ಮಾತು ಬೆಲ್ಲದ ಹಾಗೆ. ಮನೆಯೊಳಗೆ ಮಾತ್ರ ಸಾರಿಗೆ ಉಪ್ಪು ಹೆಚ್ಚಾಯಿತು, ಅಂಗಿಗೆ ಇಸ್ತ್ರಿ ಬಿದ್ದಿಲ್ಲ, ಊರಿಂದ ಫೋನು ಬಂದಾಗ ಅವ್ವ ಜೋರಾಗಿ ನಕ್ಕಳು, ಏನಾದರೂ ನೆಪ ಸಾಕಿತ್ತು. ಚಾಳಿನಲ್ಲಿ ಬೆಳಗಿನಿಂದ ಮಲಗುವ ತನಕ ಯಾರೂ ಬಾಗಿಲು ಹಾಕುವುದಿಲ್ಲ. ಅಪ್ಪ ಎದ್ದು ಹೋಗಿ ಚಿಲಕ ಹಾಕಿದನೆಂದರೆ ಇನ್ನು ಅವ್ವನಿಗೆ ಏಟು ಬೀಳುತ್ತದೆ ಎಂದೇ ಅರ್ಥ. ನಾನು ಬಾಗಿಲ ಪಕ್ಕದಲ್ಲಿ, ಚಪ್ಪಲಿಗಳ ಹತ್ತಿರ ಗೋಡೆಗೆ ಅಂಟಿ ನಿಲ್ಲುತ್ತಿದ್ದೆ.

ಅಪ್ಪ ಚಪ್ಪಲಿ ಬಿಡುವ ಸಪ್ಪಳ ಕೇಳಿಯೇ ಆ ಸಂಜೆ ಹೇಗೆ ಕಳೆಯುತ್ತದೆ ಎಂದು ನಾನು ಹೇಳಬಲ್ಲವಳಾಗಿದ್ದೆ. ಆ ವಿದ್ಯೆಗೆ ಶಾಲೆಯಲ್ಲಿ ಯಾರೂ ಮಾರ್ಕು ಕೊಡಲಿಲ್ಲ. ಟೀಚರು "ಬಹಳ ಶಾಂತ ಹುಡುಗಿ" ಎಂದು ಹೊಗಳುತ್ತಿದ್ದರು. ಎಲ್ಲಿಯ ಶಾಂತಿ! ಉಸಿರು ಬಿಟ್ಟರೆ ಎಲ್ಲಿ ಸದ್ದಾಗುತ್ತದೋ ಎಂಬ ಭಯ. ಸಂಜೆಯಾದರೆ ಹೊಟ್ಟೆ ಹಿಂಡುತ್ತಿತ್ತು. ಡಾಕ್ಟರು ಜಂತುಹುಳಕ್ಕೆ ಔಷಧಿ ಕೊಟ್ಟರು. ಪಾಪ, ಜಂತುಹುಳ ಏನು ಮಾಡಿತ್ತು!

ಆಂಟಿ ಉಡುಪಿ ಕಡೆಯವರು. ಅವರ ಗಂಡ ಮಾಟುಂಗದ ಹೋಟೆಲೊಂದರಲ್ಲಿ ಅಡುಗೆಯವರು, ಬೆಳಿಗ್ಗೆ ಲೋಕಲ್ ಹಿಡಿದರೆ ಮತ್ತೆ ಬರುವುದು ರಾತ್ರಿಗೇ. ನಮ್ಮ ಬಾಗಿಲು ಮುಚ್ಚಿದ ಸ್ವಲ್ಪ ಹೊತ್ತಿಗೆ ಹೊರಗಿನಿಂದ ಟಕಟಕ ಸದ್ದು, ಹಿಂದೆಯೇ ಆಂಟಿಯ ದನಿ.

"ಮಾರಾಯ್ರೆ, ಒಂಚೂರು ಹೆಪ್ಪು ಉಂಟಾ? ಹಾಲು ಕಾಯಿಸಿ ಇಟ್ಟಿದ್ದೇನೆ, ಮೊಸರು ಮಾಡ್ಲಿಕ್ಕೆ ಒಂದು ಚಮಚವೂ ಇಲ್ಲ."

ದೀಪ ಹಚ್ಚಿದ ಮೇಲೆ ಮನೆಯಿಂದ ಮೊಸರು ಹೊರಗೆ ಕೊಡಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ನಮ್ಮಲ್ಲಿ ನಂಬಿಕೆ. ಅವರಲ್ಲೂ ಅದೇ. ಆದರೆ ದೀಪದ ಹೊತ್ತಿಗೆ ಬಾಗಿಲಿಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವಂತೆಯೂ ಇಲ್ಲ. ಒಳಗೆ ಕರೆದು ಕೂರಿಸಿ ಅರಿಸಿನ-ಕುಂಕುಮ ಕೊಡಲೇಬೇಕು. ಇವೆರಡೂ ನನ್ನ ಅಜ್ಜಿ, ಅಂದರೆ ಅಪ್ಪನ ತಾಯಿ, ಹಾಕಿಕೊಟ್ಟ ಕಟ್ಟಳೆಗಳು. ಅಪ್ಪ ಹೆಂಡತಿಯ ಮೇಲೆ ಕೈ ಎತ್ತಿಯಾನು, ಹೆತ್ತವಳ ಮಾತು ಮೀರಲಾರ. ಎಂಥ ಸಂಸ್ಕಾರವಂತ ನೋಡಿ! ಎತ್ತಿದ ಕೈ ಇಳಿಸಿ ನನ್ನತ್ತ ತಿರುಗಿ "ತಗೀ" ಅನ್ನುತ್ತಿದ್ದ. ನಾನು ತುದಿಗಾಲಿನಲ್ಲಿ ನಿಂತು ಚಿಲಕ ತೆಗೆಯುತ್ತಿದ್ದೆ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಬರುತ್ತಿದ್ದಳು. "ದೀಪಾ ಹಚ್ಚೇನ್ರೀ ಅಕ್ಕಾರ. ಈಗ ಹೆಂಗ ಕೊಡ್ಲಿ?"

"ಅಯ್ಯೋ, ಹೌದಲ್ಲ! ನನ್ನ ಮಂಡೆಗೆ ಎಂತ ಆಗಿದೆಯೋ ದೇವರೇ!"

ಅಷ್ಟಾದ ಮೇಲೆ ಅವ್ವ ಕುಂಕುಮದ ಬಟ್ಟಲು ತರಬೇಕು, ಆಂಟಿ ಕೂರಬೇಕು. ಕೂತರೋ, ಏಳುವ ಮಾತೇ ಇಲ್ಲ. ನಲ್ಲಿ ನೀರು, ತೆಂಗಿನಕಾಯಿಯ ರೇಟು, ಊರಿನ ನಾದಿನಿಯ ಮಂಡಿನೋವು, ಹೀಗೇ ಕೊರೆಯುತ್ತಿದ್ದರು. ಕೇಳಿ ಕೇಳಿ ಅಪ್ಪ ತಲೆಚಿಟ್ಟು ಹಿಡಿದು ಪಾನ್ ಅಂಗಡಿಯ ಕಡೆ ಹೋಗಿಬಿಡುತ್ತಿದ್ದ. ತಿರುಗಿ ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು.

ಚಾಳಿನವರೆಲ್ಲ ಅವರನ್ನು 'ಹೆಪ್ಪಿನ ಆಂಟಿ' ಎಂದು ಆಡಿಕೊಳ್ಳುತ್ತಿದ್ದರು. ಇಷ್ಟು ವರ್ಷವಾದರೂ ದೀಪ ಹಚ್ಚುವ ಮುಂಚೆ ಮೊಸರು ಕೇಳಬೇಕೆಂಬ ನೆನಪಿಲ್ಲವಲ್ಲ ಈಕೆಗೆ ಎಂದು ನಗು. ಆಂಟಿಯೂ ಅವರ ಜೊತೆ ನಗುತ್ತಿದ್ದರು. ಅಂಗೈಯಗಲದ ಸ್ಟೀಲಿನ ಬಟ್ಟಲನ್ನು ಅವರು ಯಾವಾಗಲೂ ಎರಡೂ ಕೈಯಲ್ಲಿ, ಪ್ರಸಾದ ಹಿಡಿದಂತೆ ಹಿಡಿದಿರುತ್ತಿದ್ದರು. ನಾನು ಅದನ್ನು ಅಣಕಿಸಿ ತೋರಿಸಿದರೆ ಅವ್ವ ಕೂಡ ನಗುತ್ತಿದ್ದಳು. ಅವ್ವ ನಕ್ಕ ದಿನ ನನ್ನ ಹೊಟ್ಟೆ ನೋಯುತ್ತಿರಲಿಲ್ಲ.

ಒಂದು ಮಳೆಗಾಲದಲ್ಲಿ ಆಂಟಿಯ ಗಂಡ ಹೋಟೆಲಿನಲ್ಲೇ ಎದೆನೋವು ಬಂದು ತೀರಿಕೊಂಡರು. ಊರಿಗೆ ಹೋಗಿ ಎಲ್ಲ ಕಾರ್ಯ ಮುಗಿಸಿ ಆಂಟಿ ಬರಿಹಣೆಯಲ್ಲಿ ವಾಪಸು ಬಂದರು. ಎಲ್ಲರೂ ಅವರಿಗಾಗಿ ಅತ್ತರು. ನಾನೂ ಅತ್ತೆ, ಆದರೆ ನನ್ನ ಎದೆಯಲ್ಲಿದ್ದ ದಿಗಿಲೇ ಬೇರೆ. ಮುತ್ತೈದೆಯನ್ನು ಹಾಗೇ ಕಳಿಸಬಾರದು, ಸರಿ. ಮುತ್ತೈದೆಯಲ್ಲದವರಿಗೆ ಈ ಬಾಗಿಲು ಯಾಕೆ ತೆರೆಯಬೇಕು? ಇನ್ನು ನಮ್ಮ ಅವ್ವನ ಗತಿಯೇನು?

ಬಹಳ ದಿನ ಕಾಯಬೇಕಾಗಲಿಲ್ಲ. ಒಂದು ಸಂಜೆ ಅಪ್ಪ ಚಿಲಕ ಹಾಕಿದ. ಊಟದ ತಟ್ಟೆ ಹಾರಿ ಗೋಡೆಗೆ ಬಡಿದು ನೆಲದ ಮೇಲೆ ಗಿರಗಿರ ತಿರುಗಿತು. ಅದು ನಿಲ್ಲುವ ಮೊದಲೇ ಹೊರಗೆ ಟಕಟಕ.

"ಮಾರಾಯ್ರೆ, ಒಂಚೂರು ಹೆಪ್ಪು ಉಂಟಾ?" ಮಾತು ಅದೇ, ದನಿ ಮಾತ್ರ ಸಣ್ಣಗಾಗಿತ್ತು.

"ತಗೀಬ್ಯಾಡ," ಅಂದ ಅಪ್ಪ, ಹೊರಗೂ ಕೇಳುವಂತೆ. "ಆಕಿಗೆ ಕೊಡೂವಂಥಾದ್ದು ಈ ಮನ್ಯಾಗ ಏನೂ ಇಲ್ಲ."

ತಿರುಗಿ ಹೋದ ಹೆಜ್ಜೆಯ ಸಪ್ಪಳ ಕೇಳಲಿಲ್ಲ. ಆಮೇಲೆ ಮತ್ತೆ ಟಕಟಕ.

ನಾನು ಅವ್ವನ ಮುಖ ನೋಡಿದೆ. ನೆಲದ ಮೇಲೆ ಕುಳಿತಿದ್ದಳು, ತುಟಿ ಒಡೆದಿತ್ತು. "ತಗೀ ನನ್ನವ್ವಾ," ಅಂದಳು. ನಾನು ತುದಿಗಾಲಿನಲ್ಲಿ ನಿಂತೆ. ಹೇಗೆ ತೆಗೆದೆನೋ, ಅಂತೂ ಬಾಗಿಲು ತೆರೆಯಿತು. ಆಂಟಿ ಹೊಸ್ತಿಲ ಆಚೆಯೇ ನಿಂತಿದ್ದರು, ಎರಡೂ ಕೈಯಲ್ಲಿ ಬಟ್ಟಲು ಹಿಡಿದುಕೊಂಡು.

ಅವ್ವ ಗೋಡೆ ಹಿಡಿದು ಎದ್ದಳು. ದೇವರ ಮುಂದಿದ್ದ ಕುಂಕುಮದ ಬಟ್ಟಲು ತೆಗೆದುಕೊಂಡು ಸೀದಾ ಬಾಗಿಲಿಗೆ ಬಂದಳು.

"ಬೇಡ ಮಾರಾಯ್ರೆ, ನಂಗೆ ಇನ್ನು ಆಗುವುದಿಲ್ಲ," ಎಂದು ಆಂಟಿ ಹಿಂದೆ ಸರಿದರು.

"ಯಾಕ ಆಗೂದಿಲ್ಲ? ನನ್ನ ಮನಿ ಬಾಗಲಿಗೆ ಬಂದೀರಿ ನೀವು," ಅಂದಳು ಅವ್ವ. ಆ ಬರಿಹಣೆಗೆ ಬೆರಳಿಟ್ಟು ಕುಂಕುಮ ಹಚ್ಚಿದಳು. 'ನನ್ನ ಮನಿ' ಎಂದು ಅವಳು ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಮೇಲೆ ಆಂಟಿಯ ಕೈಯಿಂದ ಬಟ್ಟಲು ಇಸಿದುಕೊಂಡು ಒಳಗೆ ಹೋಗಿ, ಹೆಪ್ಪಿಗೆ ಒಂದು ಚಮಚ ಅಲ್ಲ, ಕಂಠದವರೆಗೆ ಮೊಸರು ತುಂಬಿ ತಂದುಕೊಟ್ಟಳು. ದೇವರ ಮುಂದೆ ದೀಪ ಉರಿಯುತ್ತಲೇ ಇತ್ತು. ಅಜ್ಜಿಯ ಎರಡೂ ಕಟ್ಟಳೆ ಕಣ್ಣೆದುರೇ ಮುರಿದವು, ಆದರೂ ಛಾವಣಿ ಕಳಚಿ ಬೀಳಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅಂದಿನಿಂದ ಎಲ್ಲ ಸರಿಹೋಯಿತು ಅಂದರೆ ಸುಳ್ಳಾದೀತು. ಬೈಗುಳ ನಿಲ್ಲಲಿಲ್ಲ. ಆದರೆ ಸಂಜೆ ಹೊತ್ತು ಬಾಗಿಲು ಹಾಕಲು ಅವ್ವ ಮತ್ತೆ ಬಿಡಲಿಲ್ಲ, ಅಡ್ಡ ಕೂತುಬಿಡುತ್ತಿದ್ದಳು. ನಾಲ್ಕು ಜನ ನೋಡುವಲ್ಲಿ ಕೈ ಎತ್ತಲು ಅಪ್ಪನಿಗೆ ಮರ್ಯಾದೆ ಅಡ್ಡ ಬರುತ್ತಿತ್ತು. ಬಂದದ್ದು ಒಳ್ಳೆಯದೇ ಆಯಿತು. ನನ್ನ ಹೊಟ್ಟೆಯ ಜಂತುಹುಳ ಔಷಧಿಯಿಲ್ಲದೆ ವಾಸಿಯಾಯಿತು.

ಅಪ್ಪ ಈಗಿಲ್ಲ. ಅವ್ವ ನನ್ನ ಜೊತೆಯಲ್ಲಿದ್ದಾಳೆ. ಚಾಳು ಕೆಡವಿದ ಜಾಗದಲ್ಲೇ ಎದ್ದ ಬಿಲ್ಡಿಂಗಿನಲ್ಲಿ ಆಂಟಿ ಇದ್ದಾರೆ. ಅವ್ವ ಹಚ್ಚಿದ ಕುಂಕುಮವನ್ನು ಅವರು ಆಮೇಲೆ ಬಿಡಲೇ ಇಲ್ಲ, ಯಾರು ಏನೇ ಅಂದರೂ. ಮೊನ್ನೆ ಅವರನ್ನು ನೋಡಲು ಹೋದಾಗ, ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿಬಿಟ್ಟೆ. "ಆಂಟಿ, ನೀವು ಬಾಗಿಲು ತಟ್ಟದೆ ಇದ್ದಿದ್ದರೆ ನಾವು ಉಳಿಯುತ್ತಿರಲಿಲ್ಲ. ನಿಮಗೆ ಹೆದರಿಕೆ ಆಗುತ್ತಿರಲಿಲ್ಲವಾ?"

"ಎಂತ ಕೇಳ್ತಿ ಮಗಾ! ನಿನ್ನ ಅಪ್ಪ ಎಷ್ಟೆತ್ತರ, ನಾನೆಷ್ಟು? ಕೈ ಗಡಗಡ ನಡುಗ್ತಿತ್ತು. ಅದಕ್ಕೇ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡ್ಕೊಳ್ತಿದ್ದದ್ದು."

ಅಷ್ಟು ಹೇಳಿ ನನ್ನ ಕೆನ್ನೆ ಸವರಿದರು.

"ಸ್ಟೀಲಿನದ್ದಲ್ವಾ, ಬಿದ್ರೆ ಸದ್ದಾಗ್ತದೆ. ಬಾಗಿಲು ತೆಗಿಲಿಕ್ಕೆ ನೀನೇ ಬರ್ತಿದ್ದಿ. ಇನ್ನೂ ಹೆದರಿಬಿಡ್ತಿ ಅಂತ."