ಮಂಗಟ್ಟೆಯ ಹೆಂಡತಿಗೆ ಊಟ

ಮಕ್ಕಳ ಕತೆಗಳಲ್ಲಿ ಮದುವೆಯಾಗದ ಪ್ರಾಣಿ ಸಿಗುವುದು ಕಷ್ಟ. ಮೊಲ ಇದ್ದರೆ ಮೊಲದ ಹೆಂಡತಿಯೂ ಇರಬೇಕು. ನರಿ ಕೆಟ್ಟದ್ದಾದರೆ ಅದಕ್ಕೆ ಬುದ್ಧಿ ಹೇಳಲು ಮನೆಯಲ್ಲೊಂದು ಹೆಣ್ಣು ನರಿ ಬೇಕು. ಯಾವಾಗ ಮದುವೆಯಾಯಿತು, ಯಾರು ಮಾಡಿಸಿದರು, ಊಟಕ್ಕೆ ಏನಿತ್ತು ಎಂದು ಯಾವ ಮಗುವೂ ಕೇಳುವುದಿಲ್ಲ. ಇಂಥ ಸಂಸಾರಗಳನ್ನು ನಾನು ಹತ್ತು ಹನ್ನೊಂದು ವರ್ಷಗಳಿಂದ ಬರೆಯುತ್ತಿದ್ದೇನೆ. ಶಿರಸಿಯಿಂದ ಹೊರಡುವ ಒಂದು ಪುಟ್ಟ ಪತ್ರಿಕೆಯಲ್ಲಿ ಭಾನುವಾರ ಮಕ್ಕಳ ಪುಟವಿದೆ. ಅದರ ಕೆಳಗಿನ ಅರ್ಧ ನನ್ನದು. ಒಮ್ಮೆ ಒಂಟಿ ಮುಂಗುಸಿಯ ಕತೆ ಕಳಿಸಿದ್ದೆ. ಸಂಪಾದಕರು ಫೋನ್ ಮಾಡಿ, “ಗಂಡ ಹೆಂಡ್ತಿ ಇಲ್ದೇ ಹೋದ್ರೆ ಮಾತಾಡೋರು ಯಾರು ಮಾರಾಯ್ರೆ? ಒಂದೇ ಪ್ರಾಣಿ ಎಷ್ಟಂತ ತನ್ನಷ್ಟಕ್ಕೇ ಮಾತಾಡ್ತದೆ?” ಎಂದರು. ಮುಂಗುಸಿಗೂ ಮದುವೆ ಮಾಡಿಸಿ ಕಳಿಸಿದೆ.

ನನಗೆ ನಲವತ್ತನಾಲ್ಕು ವರ್ಷ, ಮದುವೆಯಾಗಿಲ್ಲ. ನಂದೊಳ್ಳಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ನಿಮಗೆ ಸಂಸಾರದ ಅನುಭವ ಎಲ್ಲಿಂದ ಮೇಡಂ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುವವರಿದ್ದಾರೆ. ಆಡುವವರಿಗಿಂತ ಗ್ಯಾಲರಿಯಲ್ಲಿ ಕೂತವರಿಗೇ ಆಟ ಚೆನ್ನಾಗಿ ಕಾಣುತ್ತದೆ ಎನ್ನುತ್ತೇನೆ. ಯಲ್ಲಾಪುರದ ನಮ್ಮ ಮನೆಯಲ್ಲಿ ನಾನು ಕೂತದ್ದು ಆ ಗ್ಯಾಲರಿಯಲ್ಲೇ. ಅಬ್ಬಾ, ಅಮ್ಮಿ, ಲಾರಿ ಓಡಿಸುವ ತಮ್ಮ, ನಾನು. ನಾಲ್ಕು ಜನರಲ್ಲಿ ಜೋಡಿ ಅಂತ ಇದ್ದದ್ದು ಒಂದೇ, ಅವರಿಬ್ಬರದು. ನನ್ನ ಒಂದು ಕತೆಯಲ್ಲಿ ಕಬ್ಬೆಕ್ಕಿನ ಹೆಂಡತಿ ಗಂಡ ತಂದ ಹಣ್ಣನ್ನೆಲ್ಲ ಮೂಸಿ ನೋಡಿ ಇದು ಬೇಡವಾಗಿತ್ತು ಎನ್ನುತ್ತಾಳಲ್ಲ, ಅದು ಅಂಕೋಲೆಯಿಂದ ಅಬ್ಬಾ ತಂದ ಮೀನು ನೋಡಿ ಅಮ್ಮಿ ಹೇಳುತ್ತಿದ್ದ ಮಾತು. ಇನ್ನೊಂದರಲ್ಲಿ ಸಿದ್ದಾಪುರದ ಗದ್ದೆ ಬದುವಿನ ಏಡಿ ದಂಪತಿ ಜಗಳವಾದ ಮೇಲೆ ಬೆನ್ನು ತಿರುಗಿಸಿ ಅಡ್ಡಡ್ಡ ನಡೆದು ಕೊನೆಗೆ ಒಂದೇ ಬಿಲಕ್ಕೆ ಬರುವುದೂ ಅವರಿಂದ ಕದ್ದದ್ದೇ.

ಅಮ್ಮಿಗೆ ಇದೆಲ್ಲ ಗೊತ್ತಿತ್ತು. ಅವಳೇ ನನ್ನ ಮೊದಲ ಓದುಗಾರ್ತಿ. ಹಾನಗಲ್ ಕಡೆಯವಳು, ಏಳನೆಯ ತರಗತಿವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ನಮ್ಮ ಮನೆಮಾತು ಉರ್ದು. ಆದರೆ ಕತೆಯ ವಿಷಯ ಬಂದರೆ ಅಮ್ಮಿ ಕನ್ನಡಕ್ಕೆ ಹೊರಳುತ್ತಿದ್ದಳು, ಅದೂ ಅವಳ ತವರಿನ ಕನ್ನಡಕ್ಕೆ. ಅಂಗಡಿ ಬೋರ್ಡಿನಷ್ಟೇ ಕನ್ನಡ ಓದಲು ಬರುತ್ತಿದ್ದ ಅಬ್ಬಾಗೆ ಭಾನುವಾರ ಕತೆ ಓದಿ ಹೇಳುವುದೂ ಅವಳ ಕೆಲಸ. ಅಬ್ಬಾ ಚಹಾ ಕುಡಿಯುತ್ತ ಕೇಳುತ್ತಿದ್ದರು, ತಮ್ಮ ಬಗ್ಗೆ ಅಲ್ಲವೇ ಅಲ್ಲ ಎನ್ನುವಂತೆ.

ಹೋದ ವರ್ಷ ಮಂಗಟ್ಟೆಯ ಕತೆ ಶುರು ಮಾಡಿದೆ. ನಮ್ಮ ಶಾಲೆಯ ಹಿಂದಿನ ಕಾಡಿನಲ್ಲಿ ದೊಡ್ಡ ತಾರೆ ಮರವಿದೆ, ಅದರ ಪೊಟರೆಯಲ್ಲಿ ಪ್ರತಿ ವರ್ಷ ಒಂದು ಮಂಗಟ್ಟೆ ಜೋಡಿ ಗೂಡು ಮಾಡುತ್ತದೆ. ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಇಟ್ಟಂತೆ ಕಾಣುವ ದೊಡ್ಡ ಹಕ್ಕಿ. ಅರಣ್ಯ ಇಲಾಖೆಯ ವಾಚರ್ ಒಬ್ಬ ಅದರ ರೀತಿನೀತಿಯನ್ನೆಲ್ಲ ನನಗೆ ಹೇಳಿಕೊಟ್ಟ. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಪೊಟರೆಯೊಳಗೆ ಹೋಗಿ ಬಾಗಿಲಿಗೆ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ, ಕೊಕ್ಕಿನ ತುದಿ ತೂರುವಷ್ಟು ಸಂದು ಮಾತ್ರ ಬಿಡುತ್ತದೆ. ಮೂರು ನಾಲ್ಕು ತಿಂಗಳು ಅಲ್ಲೇ. ಗಂಡು ಅತ್ತಿ, ಆಲದ ಹಣ್ಣು ತಂದು ಆ ಸಂದಿನಲ್ಲಿ ಕೊಡುತ್ತಿರಬೇಕು. “ಗಂಡು ಸತ್ತೋದ್ರೆ ಒಳಗಿದ್ದದ್ದೂ ಸಾಯ್ತದೆ ಅಂತಾರೆ ಟೀಚರ್. ನಾ ಕಣ್ಣಾರೆ ಕಂಡಿಲ್ಲ,” ಎಂದಿದ್ದ.

ಅದು ಹಾರಿ ಬರುವಾಗ ರೆಕ್ಕೆಯ ಸದ್ದು ಬಹಳ ದೂರದಿಂದಲೇ ಕೇಳುತ್ತದೆ, ಘಟ್ಟ ಏರುವ ಲಾರಿ ಏದುಸಿರು ಬಿಟ್ಟ ಹಾಗೆ. ಆ ಸದ್ದು ಕೇಳಿದ ದಿನವೇ ಕತೆ ಹೊಳೆಯಿತು. ನಮ್ಮ ಮನೆ ಇರುವುದು ಹುಬ್ಬಳ್ಳಿ ಅಂಕೋಲೆ ಹೆದ್ದಾರಿಯ ಒಂದು ತಿರುವಿನ ಪಕ್ಕ. ಅಬ್ಬಾ ಮೂವತ್ತು ವರ್ಷ ಆ ರಸ್ತೆಯಲ್ಲಿ ಲಾರಿ ಓಡಿಸಿದವರು. ಊರಿಗೆ ವಾಪಸಾಗುವಾಗ ತಿರುವಿನಲ್ಲಿ ಎರಡು ಸಲ ಹಾರ್ನ್ ಹಾಕುತ್ತಿದ್ದರು. ಹಾಕಿದರೆಂದರೆ ಅಮ್ಮಿ ಅನ್ನಕ್ಕೆ ಇಡಬೇಕು. ಲಾರಿಯನ್ನು ಊರಾಚೆ ನಿಲ್ಲಿಸಿ, ಒಂದು ಚಹಾ ಕುಡಿದು, ನಡೆದು ಮನೆ ಮುಟ್ಟುವಾಗ ಅನ್ನ ಬೆಂದಿರುತ್ತಿತ್ತು. ಕುಕ್ಕರಿನ ಅನ್ನ ಅವರಿಗೆ ಸೇರದು, ತಣಿದ ಅನ್ನವಂತೂ ದೂರದ ಮಾತು. ಎಲ್ಲಿದ್ದರೂ ಅಮ್ಮಿಯ ಒಂದು ಕಿವಿ ರಸ್ತೆಯ ಮೇಲೆ. ಮೊಬೈಲ್ ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ.

ಕತೆಯಲ್ಲಿ ಮಂಗಟ್ಟೆಯ ಹೆಂಡತಿ ರೆಕ್ಕೆಯ ಸದ್ದಿಗೆ ಎದ್ದು ಕೂರುತ್ತಾಳೆ, ಕೊಕ್ಕು ಒರೆಸಿಕೊಳ್ಳುತ್ತಾಳೆ, ಗಂಡ ಬಂದ ತಕ್ಷಣ ಮಾತ್ರ ನಿದ್ದೆ ಬಂದವಳಂತೆ ನಟಿಸುತ್ತಾಳೆ. ಮೊದಲ ಕಂತು ಕೇಳಿ ಅಬ್ಬಾ ಒಂದೇ ತಕರಾರು ತೆಗೆದರು. “ಮೂರು ತಿಂಗಳು ಒಳಗೆ ಕೂತು ಬೈಯದೇ ಇರೋ ಹೆಂಗ್ಸು ಎಲ್ಲಿದಾಳೆ? ಬೈಸು ಆ ಗಂಡಿಗೆ.” ಎರಡನೆಯ ಕಂತಿನಲ್ಲಿ ಬೈಸಿದೆ. ದಿನಾ ಅತ್ತಿ, ದಿನಾ ಅತ್ತಿ, ಈ ಕಾಡಿನಲ್ಲಿ ಬೇರೆ ಹಣ್ಣೇ ಇಲ್ಲವೇ ಎಂದು ಹೆಣ್ಣು ಹಕ್ಕಿ ರೇಗಿತು. ಅಬ್ಬಾ ಚಹಾ ಚೆಲ್ಲುವಷ್ಟು ನಕ್ಕರು.

ಮೂರನೆಯ ಕಂತು ಅಚ್ಚಾದ ವಾರ ಅಬ್ಬಾ ತೀರಿಕೊಂಡರು. ಅರಬೈಲ್ ಘಟ್ಟವನ್ನು ಅಷ್ಟು ವರ್ಷ ಹತ್ತಿ ಇಳಿದವರು ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ಹೃದಯ ನಿಂತು ಹೋದರು. ಫೆಬ್ರವರಿ ತಿಂಗಳು. ಅಮ್ಮಿ ಇದ್ದತ್ ಕೂತಳು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರುವ ನಮ್ಮ ಕ್ರಮ ಅದು. ಬಣ್ಣದ ಬಟ್ಟೆ, ಬಳೆ, ಅತ್ತರು ಇಲ್ಲ, ಮದುವೆ ಮನೆಗಳಿಗೆ ಹೋಗುವ ಹಾಗಿಲ್ಲ.

ಮನೆ ನಡೆಸುವುದನ್ನು ನಾನು ಕೈಗೆ ತೆಗೆದುಕೊಂಡೆ. ಮೂರನೆಯ ದಿನವೇ ತಮ್ಮನನ್ನು ಕರೆದು, ತಿರುವಿನಲ್ಲಿ ಹಾರ್ನ್ ಹಾಕಬೇಡ, ಅಮ್ಮಿಯ ಎದೆ ಒಡೆದು ಹೋಗುತ್ತದೆ ಎಂದು ಹೇಳಿದೆ. ಅಬ್ಬಾನ ಲಾರಿ ಈಗ ಅವನ ಕೈಯಲ್ಲಿತ್ತು. ಅವನು ಅಷ್ಟು ದೂರದಿಂದಲೇ ವೇಗ ತಗ್ಗಿಸಿ, ಕಳ್ಳನ ಹಾಗೆ ಮನೆಯ ಮುಂದೆ ಸರಿದು ಹೋಗುತ್ತಿದ್ದ. ಅಡುಗೆಮನೆಗೂ ಅಮ್ಮಿಯನ್ನು ಬಿಡಲಿಲ್ಲ. ಎದ್ದು ಬಂದರೆ, ನೀನು ಕೂತ್ಕೋ, ನಾನಿದ್ದೇನಲ್ಲ ಎನ್ನುತ್ತಿದ್ದೆ. ಬೆಳಿಗ್ಗೆಯೇ ಕುಕ್ಕರಿನಲ್ಲಿ ಎರಡು ಹೊತ್ತಿನ ಅನ್ನ ಮಾಡಿಟ್ಟು ಶಾಲೆಗೆ ಹೋಗುತ್ತಿದ್ದೆ. ನನ್ನ ವ್ಯವಸ್ಥೆಯ ಬಗ್ಗೆ ನನಗೆ ಹೆಮ್ಮೆಯೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಮ್ಮಿ ಇಳಿಯುತ್ತಾ ಹೋದಳು. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಎರಡನೆಯ ತಿಂಗಳ ಹೊತ್ತಿಗೆ ರವಿಕೆ ಭುಜದಿಂದ ಜಾರತೊಡಗಿತು. ಡಾಕ್ಟರು ಮನೆಗೇ ಬಂದು ನೋಡಿ, ಕಾಯಿಲೆ ಏನಿಲ್ಲ, ಊಟ ಮಾಡಿಸಿ, ಹೀಗೇ ಆದರೆ ಕಷ್ಟ ಎಂದರು. ನನಗೆ ಸಿಟ್ಟು ಬಂದದ್ದು ಇದ್ದತ್ತಿನ ಮೇಲೆ. ನಾಲ್ಕು ಗೋಡೆಯೊಳಗೆ ಕೂತರೆ ಇನ್ನೇನಾಗುತ್ತದೆ? ನಂದೊಳ್ಳಿ ಕಡೆ ಬಾ, ಶಾಲೆಯ ಮರದ ಕೆಳಗೆ ಎರಡು ದಿನ ಕೂರು, ಯಾರೂ ನೋಡುವುದಿಲ್ಲ ಎಂದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಇತ್ತ ನಾನು ಬರೆಯುವುದನ್ನು ನಿಲ್ಲಿಸಿದ್ದೆ. ಮಂಗಟ್ಟೆಯ ಹೆಂಡತಿ ಪೊಟರೆಯೊಳಗೇ ಉಳಿದುಬಿಟ್ಟಿದ್ದಳು. ಸಂಪಾದಕರು ಸೌಜನ್ಯಕ್ಕೆ ಸುಮ್ಮನಿದ್ದರು. ಸುಮ್ಮನಿರದವರು ಸಿದ್ದಾಪುರದ ಒಬ್ಬ ಅಜ್ಜಿ. ಮೊಮ್ಮಕ್ಕಳಿಗೆ ಪ್ರತಿ ಭಾನುವಾರ ನನ್ನ ಕತೆ ಓದಿ ಹೇಳುವವರಂತೆ, ಪತ್ರಿಕೆಯಿಂದ ನಂಬರು ಪಡೆದು ಏಪ್ರಿಲ್ ಕೊನೆಗೆ ಫೋನ್ ಮಾಡಿದರು. “ತಂಗೀ, ಆ ಮಂಗಟ್ಟೆ ಹೆಂಡ್ತಿ ಇನ್ನೂ ಪೊಟರೆ ಒಳಗೇ ಇದ್ದಲೇ. ಅದಕ್ಕೆ ಊಟ ಕೊಡದು ಯಾರು? ಯಮ್ಮನೆ ಹುಡ್ರು ದಿನಾ ಕೇಳ್ತ, ಆನು ಎಂತ ಹೇಳಲಿ?” ನಮ್ಮ ಮನೆಯ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಬರುತ್ತದೆ ಅಜ್ಜಿ ಎಂದು ಫೋನ್ ಇಟ್ಟೆ.

ಇದ್ದತ್ತಿನ ಮೇಲಿನ ಆ ಸಿಟ್ಟಿನಲ್ಲೇ ಒಂದೇ ಪಟ್ಟಿಗೆ ಕೂತು ಬರೆದು ಮುಗಿಸಿದೆ. ಗಂಡು ಹಕ್ಕಿ ಬರಲಿಲ್ಲ. ಒಂದು ದಿನ, ಎರಡು ದಿನ. ಮೂರನೆಯ ದಿನ ಹೆಣ್ಣು ಕೊಕ್ಕಿನಿಂದ ಗೋಡೆ ಕುಟ್ಟಿ ಕುಟ್ಟಿ ಒಡೆದು ಹೊರಗೆ ಹಾರಿತು. ಕಾಡಿಗೆ ಕಾಡೇ ಚಪ್ಪಾಳೆ ತಟ್ಟಿತು. ಬರೆದು ಬಹಳ ಸಮಾಧಾನವಾಯಿತು. ಬೇಸಿಗೆ ರಜೆ, ಮಧ್ಯಾಹ್ನದ ಹೊತ್ತು. ಹಾಳೆಗಳನ್ನು ಅಮ್ಮಿಯ ಕೈಗೆ ಕೊಟ್ಟೆ. ಮೂರು ತಿಂಗಳಲ್ಲಿ ಅವಳು ಓದಿದ ಮೊದಲ ಕತೆ ಅದು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ಆಮೇಲೆ ಹಾಳೆಗಳನ್ನು ಮಡಚಿ ಕನ್ನಡದಲ್ಲೇ ಕೇಳಿದಳು.

“ಒಳಗ ಮರಿ ಇತ್ತಲ್ಲ. ಅದನ್ನ ಬಿಟ್ಟು ಹಾರಿ ಹೋದಳೇನು?”

ಮರಿಯನ್ನು ನಾನು ಮರೆತೇಬಿಟ್ಟಿದ್ದೆ. ಅದನ್ನು ಸರಿ ಮಾಡಬಹುದು ಅಮ್ಮಿ, ಅವಳು ಹೊರಗೆ ಬಂದದ್ದು ಮುಖ್ಯ ಎಂದೆ.

“ಆ ಗೋಡಿ ಕಟ್ಟಿದವರು ಯಾರು?”

“ಅವಳೇ.”

“ಮತ್ತ? ಅಕಿ ಕಟ್ಟಿದ ಗೋಡಿ ಒಡಿಯಾಕ ನೀ ಯಾರು? ದಿನ ತುಂಬಿದ ಮ್ಯಾಲೆ ಅಕೀನ ಒಡೀತಾಳ. ನನಗ ಕೂಡು ಅಂತ ಯಾರೂ ಹೇಳಿಲ್ಲ. ನಲವತ್ತೈದು ವರ್ಷ ಸಂಸಾರ ಮಾಡೀನಿ, ನಾಲ್ಕು ತಿಂಗಳು ಅವರ ಸಲುವಾಗಿ ಕೂಡಬಾರದೇನು?”

ಹಕ್ಕಿಯ ಮಾತು ಯಾವಾಗ ತನ್ನ ಮಾತಾಯಿತೆಂದು ಅವಳಿಗೂ ತಿಳಿಯಲಿಲ್ಲವೇನೋ. ಭಾಷೆ ಮಾತ್ರ ಬದಲಾಗಲಿಲ್ಲ, ಕತೆಯ ಕನ್ನಡದಲ್ಲೇ ಇದ್ದಳು. ಸೋಲುವುದು ನನಗೆ ಆಗಿಬರುವುದಿಲ್ಲ. ಕೂರಬಾರದು ಅಂತ ಯಾರು ಅಂದರು, ಉಪವಾಸ ಬಿದ್ದು ಸಾಯಬೇಡ ಅಂತ ಹೇಳುತ್ತಿದ್ದೇನೆ, ಗಂಡು ಬರದಿದ್ದರೆ ಒಳಗಿದ್ದದ್ದು ಏನು ತಿಂದು ಬದುಕಬೇಕು, ನೀನೇ ಹೇಳು ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

ಅಮ್ಮಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಹಣ್ಣು ಇಲ್ಲಂತ ಸಾಯೂದಿಲ್ಲ ಅಕಿ. ರೆಕ್ಕಿ ಸಪ್ಪಳ ಇಲ್ಲಂತ ಸಾಯ್ತಾಳ.” ರಸ್ತೆಯ ಕಡೆ ನೋಡಿದಳು. “ನಿನ್ನ ತಮ್ಮ ಯಾಕ ಹಾರ್ನ್ ಹಾಕೂದಿಲ್ಲ? ಲಾರಿ ಅದ, ಹಾದಿ ಅದ, ತಿರುವೂ ಅದ. ಮೂರು ತಿಂಗಳಾತು, ಕಿವಿ ಕೊಟ್ಟು ಕುಂತೀನಿ. ಕಳ್ಳನಂಗ ಹೊಕ್ಕಾನ. ಅಪ್ಪನ ಲಾರಿ ಹಿಡದು ಅವ್ವನ್ನ ಮರತನೇನೋ ಅಂತ ಮಾಡಿದ್ದೆ.”

ನಾನೇ ಬೇಡ ಅಂದದ್ದು ಎಂದು ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು. “ನೀ ಕತಿ ಬರಿಯಾಕಿ,” ಎಂದಳು, “ಇಷ್ಟೂ ತಿಳೀಲಿಲ್ಲ?” ಅಬ್ಬಾನ ಹಾರ್ನಿನಿಂದ ಒಂದು ಹಕ್ಕಿ ಸಂಸಾರವನ್ನೇ ಕಟ್ಟಿದವಳು ನಾನು. ಮನೆಯಲ್ಲಿ ಅದರ ಬಾಯಿಯನ್ನು ಕೈಯಾರೆ ಮುಚ್ಚಿಸಿದವಳೂ ನಾನೇ. ಹಿತ್ತಲಿಗೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. ಅವನು ಕಲಘಟಗಿ ದಾಟಿ ಬರುತ್ತಿದ್ದ. ಸರಿ ಅಕ್ಕ ಎಂದ. ಅವನಿಗೂ ಈ ಮೂರು ತಿಂಗಳು ಆ ತಿರುವು ದಾಟುವುದು ಹೇಗಿತ್ತೋ ನಾನು ಕೇಳಿರಲಿಲ್ಲ.

ಕತೆಯನ್ನು ಬೇರೆ ಥರ ಬರೆದೆ. ಹಿಂದಿನ ವರ್ಷದ ಮರಿ ಬೆಳೆದು ದೊಡ್ಡದಾಗಿ ತಾಯಿಗೆ ಹಣ್ಣು ತಂದುಕೊಟ್ಟಿತು ಎಂದು ಮಾಡಿದೆ. ಅದನ್ನು ಓದಿದ ವಾಚರ್, ಮಂಗಟ್ಟೆಯಲ್ಲಿ ಹಾಗೆ ನಡೆಯೂದಿಲ್ಲ ಟೀಚರ್ ಎಂದ. ಮಂಗಟ್ಟೆಯಲ್ಲಿ ಮದುವೆಯೂ ನಡೆಯುವುದಿಲ್ಲ ಎಂದೆ. ಸಿದ್ದಾಪುರದ ಅಜ್ಜಿ ಮಾತ್ರ ತಪ್ಪು ಹುಡುಕಲಿಲ್ಲ.

ಆದರೆ ಅದು ಮುಂದಿನ ವಾರದ ಮಾತು. ಆ ಸಂಜೆ ಐದೂವರೆಗೆ ತಿರುವಿನಲ್ಲಿ ಲಾರಿಯ ಸದ್ದು ಕೇಳಿತು. ಹಾರ್ನ್ ಎರಡು ಸಲ ಕೂಗಿತು, ಅಬ್ಬಾ ಹಾಕುತ್ತಿದ್ದ ಹಾಗೆಯೇ, ನಡುವೆ ಒಂದು ಉಸಿರಿನಷ್ಟು ಬಿಟ್ಟು. ಅಮ್ಮಿ ಎದ್ದಳು. ನಾನೂ ಎದ್ದೆ, ಅಭ್ಯಾಸ ಬಲದಿಂದ ನೀನು ಕೂತ್ಕೋ ಎನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಅವಳು ಅಡುಗೆಮನೆಗೆ ಹೋಗಿ ಕುಕ್ಕರನ್ನು ಬದಿಗೆ ಸರಿಸಿ, ಮೇಲಿಟ್ಟಿದ್ದ ಹಳೆಯ ಪಾತ್ರೆ ತೆಗೆದಳು. ಡಬ್ಬಿಯಿಂದ ಲೋಟದಲ್ಲಿ ಅಕ್ಕಿ ಅಳೆದು ಹಾಕಿದಳು. ಒಂದು, ಎರಡು, ಮೂರು, ನಾಲ್ಕು. ಪಾತ್ರೆಯನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಒಂದು ಲೋಟ ವಾಪಸು ಡಬ್ಬಿಗೆ ಸುರಿದು, ಉಳಿದದ್ದನ್ನು ತೊಳೆದು ಒಲೆಯ ಮೇಲಿಟ್ಟಳು.

ತಮ್ಮ ಮನೆ ಮುಟ್ಟುವಾಗ ಅನ್ನ ಬೆಂದಿತ್ತು. ಅಮ್ಮಿ ನಮ್ಮ ಜೊತೆ ಕೂತು ಬಿಸಿಯಾಗಿ ಉಂಡಳು.