ಸಣ್ಣ ತೂತಿನ ಗುಂಡು

ಬೀದರಿನ ಬಂದೂಕಿನ ಅಂಗಡಿಯಲ್ಲಿ ನಾನು ಆಡಿದ ಮೊದಲ ಮಾತು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ‘ರಕ್ತ ಕಮ್ಮಿ ಬರೂವಂಥ ಗುಂಡು ಅದಾವೇನ್ರಿ?’ ಎಂದು ಕೇಳಿದ್ದೆ.

ನಮ್ಮ ಹೊಲ ಭಾಲ್ಕಿ ತಾಲೂಕಿನ ಮೆಹಕರದ ಹತ್ತಿರ. ಜೋಳ ಹಾಲುಗಾಳಾಗುವ ಹೊತ್ತಿಗೆ ಕಾಡುಹಂದಿ ನುಗ್ಗುತ್ತಿದ್ದವು. ಬೆಳೆ ಕಾಯುವ ಲೈಸೆನ್ಸ್ ಇತ್ತು, ಹಂದಿ ಹೊಡೆಯಲು ಅನುಮತಿಯೂ ಸಿಕ್ಕಿತ್ತು. ಮನೆಯಲ್ಲಿ ಅಜ್ಜನ ಕಾಲದ ಗಿಡ್ಡ ರೈಫಲ್. ಕೆಳಗಿನ ಹಿಡಿಕೆಯನ್ನು ಮುಂದೆ ತಳ್ಳಿ ಹಿಂದಕ್ಕೆಳೆದರೆ ಒಂದು ಕಾಡತೂಸು ಒಳಗೇರುತ್ತದೆ. ಹೆಸರಿಗೆ ರೈಫಲ್, ಅದಕ್ಕೆ ಹಾಕುವುದು ಮಾತ್ರ ಪಿಸ್ತೂಲಿನ ಕಾಡತೂಸು.

ಅಂಗಡಿಯವ ಎರಡು ಥರದವನ್ನು ಮುಂದಿಟ್ಟ. ಒಂದರ ಗುಂಡು ಮೊಂಡು ಮೂತಿಯ ಬರೀ ಸೀಸ, ಇನ್ನೊಂದಕ್ಕೆ ತಾಮ್ರದ ಹೊದಿಕೆ.

‘ಕಾಕಾ, ಹಂದಿಗಾದ್ರ ಸೀಸದ್ದೇ ಒಯ್ರಿ. ಮೊದಲೇ ಪಿಸ್ತೂಲಿನ ಕಾರತೂಸ, ದಮ್ ಕಮ್ಮಿ. ಇದು ಒಳಗ ಹೋಗಿ ಅರಳ್ತದ, ಜಾನವರ ಅಲ್ಲೇ ಬೀಳ್ತದ.’

‘ಮತ್ತ ತಾಮ್ರದ್ದು?’

‘ಅದು ಸಣ್ಣ ತೂತು ಮಾಡಿ ಆರಪಾರ ಹೋಗ್ತದ. ಗುರಿ ಕಲಿಲಿಕ್ಕ ಛಲೋ. ಹಂದಿ ಮಾತ್ರ ಓಡ್ತದ, ಎಲ್ಲೋ ಹೋಗಿ ಒದ್ದಾಡ್ತದ. ಜಖಂ ಆದ ಹಂದಿ ಭಾಳ ಖರಾಬ್ರಿ.’

‘ಅರಳಿದ್ರ ಗಾಯ ಎಷ್ಟಾಗ್ತದ?’

ಆತ ಮುಷ್ಟಿ ಬಿಗಿದು ತೋರಿಸಿದ. ನಾನು ತಾಮ್ರದ್ದೇ ಕೊಡಿ ಎಂದೆ.

‘ಜಾನ್ ತೆಗಿಲಿಕ್ಕ ಹೊಂಟೀರಿ, ರಕ್ತಕ್ಕ ಅಂಜ್ತೀರಿ. ಹಂಗಾದ್ರ ಪಟಾಕಿ ಒಯ್ರಿ ಕಾಕಾ!’ ಎಂದು ನಕ್ಕ.

ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ನಮ್ಮ ಮನೆಯೊಳಗೆ ಕೋಳಿಮೊಟ್ಟೆ ಕೂಡ ಬಂದಿಲ್ಲ. ತೂತು ಸಣ್ಣದಾದರೆ ಪಾಪವೂ ಸಣ್ಣದು ಎಂದುಕೊಂಡೆ. ಅದಕ್ಕೆ ದಯೆ ಎಂದು ಹೆಸರನ್ನೂ ಇಟ್ಟೆ. ಹಂದಿ ಎಷ್ಟು ಹೊತ್ತು ನರಳೀತೆಂದು ಕೇಳಲಿಲ್ಲ, ನನ್ನ ಕಣ್ಣಿಗೆ ಏನು ಕಾಣಬಾರದು ಎಂಬುದನ್ನಷ್ಟೇ ನೋಡಿದೆ.

ನಾಲ್ಕು ದಿನದ ನಂತರ, ಬೆಳಕು ಹರಿದ ಮೇಲೆ ಹೊಡೆದೆ. ಹಂದಿ ಕಿರುಚಿ ಪಕ್ಕದ ತೊಗರಿಯೊಳಗೆ ನುಗ್ಗಿತು. ಜೋಳದ ಎಲೆಯ ಮೇಲೆ ಎರಡು ಹನಿ ರಕ್ತ. ಎಲೆ ಕಿತ್ತು ಮಣ್ಣಲ್ಲಿ ತುಳಿದೆ.

ಆ ವರ್ಷ ನಮ್ಮ ಹೊಲದ ಬೀಳಿನಲ್ಲಿ ಕುರಿಮಂದೆ ತರುಬಿದ್ದ ನಮ್ಮೂರ ವಿಧವೆಯೊಬ್ಬಳು ಸದ್ದು ಕೇಳಿ ಬಂದಳು. ‘ಅಣ್ಣಾ, ತಾಗಿತೇನು?’

‘ಇಲ್ಲ ತಂಗಿ, ತಪ್ಪಿತು. ಓಡಿ ಹೋತು.’

‘ನಿಮ್ಮ ಕೈಯಾಗ ಹಂದಿ ಸಾಯಬೇಕಂದ್ರ ಅದಕ್ಕ ಮುಪ್ಪೇ ಬರಬೇಕು!’

ನಾನೂ ನಕ್ಕೆ. ಕೊಂದವನೆಂದು ಕರೆಸಿಕೊಳ್ಳುವುದಕ್ಕಿಂತ ಗುರಿ ಬಾರದವನು ಎನಿಸಿಕೊಳ್ಳುವುದು ಹಿತವಾಗಿತ್ತು. ಮನೆಗೆ ಹೋಗಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಪೂಜೆಗೆ ಕುಳಿತೆ.

ಅದೇ ಹೊತ್ತಿಗೆ ಆಕೆ, ತಪ್ಪಿಸಿಕೊಂಡ ಕುರಿಯನ್ನು ಹೊರಳಿಸಲು ತೊಗರಿಯೊಳಗೆ ಹೋಗಿದ್ದಾಳೆ. ಅಲ್ಲೇ ಬಿದ್ದಿದ್ದ ಹಂದಿ ಎದ್ದು ತೊಡೆ ಸೀಳಿತು. ಟಂಟಂ ಆಟೋದಲ್ಲಿ ಭಾಲ್ಕಿಗೆ ಒಯ್ದೆವು, ಅಲ್ಲಿಂದ ಬೀದರಿಗೆ. ಗಾಯ ಕೂಡಿತು, ನರ ಕೂಡಲಿಲ್ಲ. ಬಲಗಾಲು ಎಳೆದುಕೊಂಡು ನಡೆಯತೊಡಗಿದಳು. ಕುರಿಯ ಹಿಂದೆ ನಡೆಯಲಾರದೆ ಹಿಂಡನ್ನೆಲ್ಲ ಔರಾದದ ತಮ್ಮನ ಹತ್ತಿರ ಕಳಿಸಿದಳು.

ಹಂದಿ ಎರಡು ದಿನ ಬದುಕಿತ್ತು. ನಾಲೆಯ ದಂಡೆಯಲ್ಲಿ ಸತ್ತು ಬಿದ್ದದ್ದನ್ನು ನೋಡಲು ಹೋದೆ. ಹೊಟ್ಟೆ ಉಬ್ಬಿ ನೊಣ ಮುತ್ತಿ ನಾರುತ್ತಿತ್ತು. ಪಕ್ಕೆಯಲ್ಲಿ ಬಾರಿಹಣ್ಣಿನ ಬೀಜದಷ್ಟೇ ತೂತು. ನಾನು ಕೇಳಿ ತಂದ ಹಾಗೇ ಇತ್ತು.

ಊರವರು ಕಟ್ಟೆಯ ಮೇಲೆ ಕುಳಿತು, ‘ಹಂದಿ ತಿರುಗೂ ಹೊಲದಾಗ ಆಕಿ ಯಾಕ ಹೋಗಬೇಕಿತ್ತು, ಖಬರ್ ಇಲ್ಲದಾಕಿ’ ಎಂದರು. ನಾನು ನಡುವೆ ಕುಳಿತು ತಲೆ ಆಡಿಸಿದೆ. ಗುಂಡಿಗಿಂತ, ಸುಳ್ಳಿಗಿಂತ, ಹಾಗೆ ಆಡಿಸಿದ ಈ ತಲೆಯ ಮೇಲೆ ನನಗೆ ಹೆಚ್ಚು ಹೇಸಿಗೆ.

ವರ್ಷದ ಮೇಲೆ ಬಂದೂಕನ್ನು ಠಾಣೆಗೆ ಒಪ್ಪಿಸಿ ಆಕೆಯ ಮನೆಗೆ ಹೋದೆ. ಎಲ್ಲ ಹೇಳಿ ಕೈ ಮುಗಿದೆ. ಆಕೆ ಕಾಲು ತಿಕ್ಕಿಕೊಂಡಳು.

‘ತಾಗ್ಯದ ಅಂದಿದ್ರ ಸಾಕಿತ್ತಲ್ರಿ ಅಣ್ಣಾ. ಒಂದು ಕುರಿ ಹೋದ್ರ ಹೋಗ್ಲಿ ಅಂತ ಹೊರಗೇ ನಿಲ್ತಿದ್ದೆ.’

ನಾನು ಅತ್ತೆ.

‘ಕೈ ಇಳಸ್ರಿ. ನನಗ ನಿಮ್ಮ ಅಳು ಬ್ಯಾಡ, ಕಾಲು ಬೇಕು. ಕುರಿ ವಾಪಸ್ ತರಸ್ತೇನಿ. ನೀವು ಹಿಂದ ನಡೀರಿ.’

ಈಗ ದಿನಾ ನಡೆಯುತ್ತೇನೆ. ಕುರಿಗಳು ನನ್ನ ಮಾತು ಕೇಳುವುದಿಲ್ಲ. ಆಕೆ ಬದುವಿನ ಮೇಲೆ ಕುಳಿತು, ‘ಅಣ್ಣಾ, ಕುರಿ ಕಾಯ್ಲಿಕತ್ತೀರೋ, ದಿಂಡಿ ಯಾತ್ರಾಕ್ಕ ಹೊಂಟೀರೋ!’ ಎಂದು ಬಯ್ಯುತ್ತಾಳೆ.

ಮೊನ್ನೆ ಒಬ್ಬ ಬೈಕು ನಿಲ್ಲಿಸಿ ಬಂದು, ‘ಈ ವಯಸ್ಸಿನ್ಯಾಗ ಒಬ್ಬ ಕುಂಟ ಹೆಣಮಗಳಿಗಿ ಆಸರಾಗೀರಿ. ಖರೇ ಶರಣರು ನೀವು’ ಎಂದು ಕಾಲು ಮುಟ್ಟಿದ. ಬೇಡ ಎನ್ನಲಿಲ್ಲ. ಕೈ ಎತ್ತಿ ಹರಸಿದೆ! ಬದುವಿನ ಮೇಲಿದ್ದ ಆಕೆ ನೋಡಿ ಮುಖ ತಿರುಗಿಸಿದಳು.

ಅಂದೇ ಇದನ್ನು ಬರೆಯಲು ಕುಳಿತೆ. ಬರುವ ಸೋಮವಾರ ಮಠದ ಕಟ್ಟೆಯ ಮೇಲೆ ಊರವರ ಮುಂದೆ ಓದುತ್ತೇನೆಂದು ಆಕೆಗೆ ಹೇಳಿದೆ.

‘ಜೋರಾಗಿ ಓದ್ರಿ,’ ಎಂದಳು. ‘ಹಿಂದ ಕುಂತವ್ರಿಗೂ ಕೇಳಬೇಕು.’