ಶಿರೂರಿನ ಹುಚ್ಚವ್ವ ಬಿಡಿಸಿದ ಸಿಕ್ಕು

ಶಿರೂರಿನ ಕುರುಬರ ಓಣಿಯಲ್ಲಿ ಹುಚ್ಚವ್ವನಷ್ಟು ಬುದ್ಧಿ ನೆಟ್ಟಗಿದ್ದ ಹೆಂಗಸು ಇನ್ನೊಬ್ಬಳಿರಲಿಲ್ಲ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಚಂದದ ಹೆಸರಿಟ್ಟರೆ ಸಾವಿನ ಕಣ್ಣು ಬಿದ್ದೀತೆಂದು ಹಿರಿಯರು ಹುಚ್ಚವ್ವ ಎಂದು ಕರೆದರು. ಸಾವು ಮೋಸ ಹೋಯಿತು, ಅವಳು ಉಳಿದಳು.

ಅವಳು ನಗುವುದು ಕಡಿಮೆ, ಸಿಟ್ಟಾಗುವುದು ಇನ್ನೂ ಕಡಿಮೆ. ಗಂಡ ಅಮಸಿದ್ದಪ್ಪ ಕುರಿ ಮೇಯಿಸುತ್ತಿದ್ದ, ಬಿಡುವಿದ್ದಾಗ ಕಂಬಳಿ ನೇಯುತ್ತಿದ್ದ. ಕತ್ತರಿಸಿದ ಉಣ್ಣೆಯ ಮುಳ್ಳು, ಕಸ, ಸಿಕ್ಕು ತೆಗೆದು ನೂಲುವುದು ಹುಚ್ಚವ್ವನ ಪಾಲಿನ ಕೆಲಸ. ಅವಳ ಬಲಗಿವಿಯ ಮೇಲ್ಗಡೆ ಅಂಗೈಯಗಲ ಜಾಗದಲ್ಲಿ ಕೂದಲೇ ಇರಲಿಲ್ಲ. ಚಿಕ್ಕಂದಿನಲ್ಲಿ ತಾಯಿ ಸತ್ತ ಮೇಲೆ ಸೋದರತ್ತೆ ಅವಳ ತಲೆ ಹಿಕ್ಕುತ್ತಿದ್ದಳು. ಎರೆದ ಕೂಡಲೇ, ನೀರು ಇನ್ನೂ ಸೋರುತ್ತಿರುವಾಗಲೇ, ಬುಡಕ್ಕೆ ಹಣಿಗೆ ಹಾಕಿ ಒಂದೇ ಎಳೆತಕ್ಕೆ ತುದಿಗೆ ತರುವವಳು. ಕೂದಲು ಹಣಿಗೆಯ ಜೊತೆ ಹೊರಟುಹೋಯಿತು, ಮತ್ತೆ ಆ ಕಡೆ ಹಾಯಲಿಲ್ಲ.

"ನಮ್ಮತ್ತಿ ಭಾಳ ಚುರುಕಿದ್ಲು. ಯಾವ ಕೆಲಸಾನೂ ಎರಡ ಸಲ ಮಾಡ್ತಿದ್ದಿಲ್ಲ," ಅನ್ನುತ್ತಿದ್ದಳು ಹುಚ್ಚವ್ವ, ಹೊಗಳಿದ ಹಾಗೆ.

ಎಪ್ಪತ್ತಾರರ ಮಳೆಗಾಲದಲ್ಲಿ ಓಣಿಯ ತುದಿಮನೆಯ ರಂಗವ್ವನ ಮಗಳು ಚಂದವ್ವನಿಗೆ ವಿಷಮಶೀತ ಜ್ವರ ಬಂತು. ರಂಗವ್ವ ಗಂಡ ಸತ್ತವಳು, ಇದ್ದವಳೊಬ್ಬಳೇ ಮಗಳು. ಹುಡುಗಿಗೆ ಕಲಾದಗಿಯ ಕಡೆ ಗಂಡು ಗೊತ್ತಾಗಿತ್ತು, ದೀಪಾವಳಿ ಕಳೆದ ಮೇಲೆ ಮದುವೆ ಎಂದು ಮಾತಾಗಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಮಲಗಿ, ಮನೆಗೆ ಬಂದು ಮತ್ತೆ ಮಲಗಿ, ಅಂತೂ ಜ್ವರ ಬಿಟ್ಟಿತು. ಆದರೆ ಅಷ್ಟು ದಿನ ತಲೆಯ ಕಡೆ ಯಾರೂ ನೋಡಿರಲಿಲ್ಲ. ಬೆವರಿನಲ್ಲಿ ನೆಂದು, ತಲೆಯಡಿಯ ಕಂಬಳಿಗೆ ಉಜ್ಜಿ ಉಜ್ಜಿ, ಹುಡುಗಿ ಎದ್ದು ಕೂತಾಗ ಹಿಂದಲೆಯ ಕೂದಲೆಲ್ಲ ಒಂದೇ ಮುದ್ದೆಯಾಗಿ, ತೊಳೆಯದ ಕುರಿಯ ಬಾಲದ ಹಾಗೆ ಜೋತುಬಿದ್ದಿತ್ತು.

ರಂಗವ್ವ ಹಣಿಗೆ ಹಾಕಿದಳು. ಹಣಿಗೆಯ ಹಲ್ಲು ಮುರಿಯಿತು, ಹುಡುಗಿ ಚೀರಿದಳು. ಚೀರಿದ್ದು ಕೇಳಿ ಪಕ್ಕದ ಮನೆಯಿಂದ ರಂಗವ್ವನ ಭಾವ ಹುಲ್ಲಪ್ಪ ಬಂದ. ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

"ಹಣಗಿ ತಗೀ ಅತ್ತಾಗ. ಇದು ಸಿಕ್ಕಲ್ಲ, ಜಡಿ. ಎಲ್ಲವ್ವ ಬಂದಾಳ."

ಕೂದಲು ಹೀಗೆ ಗಂಟುಗಟ್ಟಿ ಜಡೆ ಬಂತೆಂದರೆ ದೇವಿ ಎಲ್ಲವ್ವ ಆ ಹೆಣ್ಣನ್ನು ತನಗೆ ಬೇಕೆಂದು ಕೇಳಿದಳೆಂದು ಅರ್ಥ. ಅದಕ್ಕೆ ಹಣಿಗೆ, ಕತ್ತರಿ ಮುಟ್ಟಿಸುವ ಹಾಗಿಲ್ಲ. ಭಂಡಾರದ ಅರಿಸಿನ ಹಚ್ಚಿ ಬೆಳೆಸಬೇಕು, ಹುಡುಗಿಯನ್ನು ದೇವಿಗೆ ಬಿಡಬೇಕು. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಹುಲ್ಲಪ್ಪ ಕೆಟ್ಟವನಲ್ಲ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. ಆದರೆ ನಂಬಿದವನು ನಂಬಿದ್ದ. ಊರಾಚೆ ಜೋಗತಿ ತಾಯವ್ವ ಇದ್ದಳು. ಚಂದವ್ವನಷ್ಟಿದ್ದಾಗಲೇ ಜಡೆ ಬಂದು ದೇವಿಗೆ ಬಿಟ್ಟಿದ್ದ ಮುದುಕಿ. ಅವಳನ್ನು ಕರೆತಂದು ತೋರಿಸುತ್ತೇನೆ, ಅವಳು ಹೇಳಿದ್ದೇ ಕಡೆಯ ಮಾತು ಎಂದ. ತಾಯವ್ವ ದೇವಿಯ ಬುಟ್ಟಿ ಹೊತ್ತು ಹಳ್ಳಿಗಳ ಮೇಲೆ ಜೋಗ ಬೇಡಲು ಹೋಗಿದ್ದಳು, ಬರುವ ಮಂಗಳವಾರಕ್ಕೆ ಸಿಗುತ್ತಾಳೆಂದು ತಿಳಿಯಿತು.

ಹುಲ್ಲಪ್ಪ ಅತ್ತ ಹೋದದ್ದೇ ರಂಗವ್ವ ಇತ್ತ ಹುಚ್ಚವ್ವನ ಮನೆಗೆ ಓಡಿದಳು.

"ಯಕ್ಕಾ, ನೀ ಉಣ್ಣಿ ಸಿಕ್ಕ ಬಿಡಸ್ತಿ. ನಮ್ಮ ಹುಡಿಗಿದೊಂದೀಟ ನೋಡ ಬಾ."

ಹುಚ್ಚವ್ವ ಬಂದು ಮುದ್ದೆಯನ್ನು ಅಂಗೈಯಲ್ಲಿ ಹಿಡಿದು ತೂಗಿದಳು. ಬೆರಳಿನಿಂದ ಅದರ ಬಾಯಿ ಹುಡುಕಿದಳು. ಮೂಸಿ ನೋಡಿದಳು.

"ಬೆವರ ಐತಿ, ಕಂಬಳಿ ಉಣ್ಣಿ ಐತಿ. ಮತ್ಯಾರೂ ಇಲ್ಲ."

"ಮುಟ್ಟಿದವರು ರಕ್ತ ಕಾರ್ತಾರಂತಲ್ಲ ಯಕ್ಕಾ?"

"ಮುಟ್ಟೀನೆಲ್ಲ ಆಗಲೇ. ಕುಂಡ್ರಾಕ ಒಂದ ಮಣಿ ಕೊಡು."

ಮೊದಲ ದಿನ ಹಣಿಗೆಯನ್ನು ಹತ್ತಿರಕ್ಕೂ ತರಲಿಲ್ಲ. ಕುಸುಬೆ ಎಣ್ಣೆ ಬೆಚ್ಚಗೆ ಮಾಡಿ, ಮುದ್ದೆಯ ಒಳಗೆ ಇಳಿಯುವವರೆಗೆ ಬೆರಳಿನಿಂದ ಕುಡಿಸಿ, ಹಳೆಯ ಸೀರೆಯ ತುಂಡು ಕಟ್ಟಿ ಎದ್ದುಹೋದಳು. ಮರುದಿನ ಅಂಟುವಾಳದ ಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರನ್ನು ಮೇಲಿಂದ ಮೇಲೆ ಹೊಯ್ದಳು. ಹೊಯ್ದಳೇ ಹೊರತು ತಿಕ್ಕಲಿಲ್ಲ. ರಂಗವ್ವ ತಿಕ್ಕಲು ಕೈಹಾಕಿದಳು.

"ಹಸಿ ಉಣ್ಣಿ ತಿಕ್ಕಿದ್ರ ಕಂಬಳಿ ಆಗ್ತೈತಿ. ಇಕಿ ತಲಿ ಮ್ಯಾಲ ನಮಗ ಕಂಬಳಿ ಬ್ಯಾಡ," ಎಂದು ಹುಚ್ಚವ್ವ ಆ ಕೈಯನ್ನು ತೆಗೆದಿಟ್ಟಳು.

ಹಳೆಯ ಧೋತರದ ಅರಿವೆಯಲ್ಲಿ ಸುತ್ತಿ, ಒತ್ತಿ ಒತ್ತಿ ನೀರು ತೆಗೆದಳು. ಆಮೇಲೆ ಸುಮ್ಮನೆ ಕೂತಳು. ರಂಗವ್ವನಿಗೆ ತಡೆಯಲಿಲ್ಲ. "ಚಾಲೂ ಮಾಡಯಕ್ಕಾ, ಮಂಗಳವಾರ ಬರಾಕತ್ತೈತಿ."

"ನೀರ ಕುಡದ ಕೂದಲ ಹಸಗೂಸಿದ್ದಂಗ. ಎಳದ್ರ ಬರ್ತೈತಿ, ಬರಬರ್ತನ ಹರೀತೈತಿ. ತಡಿ, ತುಸು ಆರಲಿ."

ಕೂದಲು ಅರೆಬರೆ ಆರಿದ ಮೇಲೆ ತುದಿಯಿಂದ ಶುರು ಮಾಡಿದಳು. ಎಡಗೈ ಮುಷ್ಟಿಯಲ್ಲಿ ಗಂಟಿನ ಮೇಲ್ಗಡೆ ಹಿಡಿದು, ಎಳೆತ ಬುಡಕ್ಕೆ ತಾಗದ ಹಾಗೆ ನೋಡಿಕೊಂಡು, ಬಲಗೈ ಬೆರಳಿನಿಂದ ಎಳೆ ಎಳೆ ಹೊರಗೆ ಕರೆದಳು. ಬೆರಳು ಹೋಗದ ಕಡೆ ನೂಲುವ ಕದಿರಿನ ಮೊನೆ ಹಾಕಿ ಗಂಟಿನ ಹೊಟ್ಟೆ ಸಡಿಲಿಸಿದಳು. ತುದಿ ಬಿಟ್ಟ ಮೇಲೆ ಒಂದು ಬೆರಳಿನಷ್ಟು ಮೇಲಕ್ಕೆ, ಅದು ಬಿಟ್ಟ ಮೇಲೆ ಇನ್ನಷ್ಟು ಮೇಲಕ್ಕೆ. ಚಂದವ್ವ ಹಲ್ಲು ಕಚ್ಚಿ, ಸೆರಗು ಬಾಯಿಗೆ ತುರುಕಿಕೊಂಡು ನೋವಿಗೆ ಕಾಯುತ್ತಿದ್ದಳು. ಬಹಳ ಹೊತ್ತು ಕಾದು ಸೆರಗು ಹೊರಗೆ ತೆಗೆದಳು.

"ಅತ್ತೀ, ಯಾವಾಗ ಚಾಲೂ ಮಾಡ್ತಿಬೇ?"

"ಚಾಲೂ ಆಗಿ ಭಾಳ ಹೊತ್ತಾತು."

ಚಂದವ್ವ ಗೋಡೆಗೆ ಒರಗಿ ಕೂತಲ್ಲೇ ನಿದ್ದೆಹೋದಳು.

ಹೀಗೆ ಸಾಗಿದ್ದಾಗ ಅಮಸಿದ್ದಪ್ಪನ ದೊಡ್ಡ ಟಗರು ಹೊಟ್ಟೆಯುಬ್ಬಿ ಸತ್ತಿತು. ಓಣಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಹುಲ್ಲಪ್ಪ ಅಂಗಳಕ್ಕೆ ಬಂದು, "ನಾ ಮೊದಲ ಹೇಳಿದ್ನೆಲ್ಲ, ಜಡಿಗೆ ಕೈ ಹಚ್ಚಬ್ಯಾಡ್ರಿ ಅಂತ," ಎಂದ. ಅಮಸಿದ್ದಪ್ಪ ಹೆಂಡತಿಯ ಕಡೆ ನೋಡಿದ. "ಬಿಟ್ಟಬಿಡಲೇ. ಇವತ್ತ ಟಗರು, ನಾಳಿ ಯಾರೋ."

"ಹೊಟ್ಟಿ ಕೊಯ್ದ ನೋಡ್ರಿ," ಎಂದಳು ಹುಚ್ಚವ್ವ.

ಕೊಯ್ದರು. ಒಳಗೆ ಎಳೆ ಜೋಳದ ಹಸಿರು ಸುಳಿ ತುಂಬಿತ್ತು. ಎಳೆ ಜೋಳ ಕುರಿಗೆ ವಿಷ, ಅದು ಕುರುಬರ ಕೂಸಿಗೂ ಗೊತ್ತು.

"ದೇವಿನ ತಿನ್ನಸ್ಯಾಳ," ಎಂದ ಹುಲ್ಲಪ್ಪ.

"ಇದ್ದೀತು. ಆದ್ರ ಈ ಕಡೀಗೆ ಮುಂಗಾರಿ ಜ್ವಾಳ ನಿನ್ನ ಹೊಲದಾಗಷ್ಟ ಐತಿ ಹುಲ್ಲಪ್ಪಣ್ಣಾ. ಬೇಲಿ ಕಿತ್ತು ಎಷ್ಟ ದಿನಾತು?"

ಹುಲ್ಲಪ್ಪ ಬೇಲಿ ನೋಡಿಕೊಂಡು ಬರಲು ಹೋದ.

ಹುಚ್ಚವ್ವನಿಗೆ ಹೆದರಿಕೆ ಆಗಲಿಲ್ಲವೆಂದಲ್ಲ. ಆ ಸಂಜೆ ರೊಟ್ಟಿ ಬಡಿಯುತ್ತ ನಡುನಡುವೆ ಹೊರಗೆ ಬಂದು, ರಕ್ತ ಇದೆಯೋ ಎಂದು ಉಗುಳಿ ಉಗುಳಿ ನೋಡಿದಳು. ಬಾಯಲ್ಲಿ ಎಲೆಅಡಿಕೆ ಇತ್ತಾದ್ದರಿಂದ ಎಲ್ಲವೂ ಕೆಂಪಗೇ ಇತ್ತು, ಏನೂ ತಿಳಿಯಲಿಲ್ಲ. ಮರುದಿನ ಎಲೆಅಡಿಕೆ ಹಾಕಿಕೊಳ್ಳದೆ ಚಂದವ್ವನ ಮನೆಗೆ ಹೋದಳು.

ಮಂಗಳವಾರ ತಾಯವ್ವ ಬಂದಾಗ ಅರ್ಧಕ್ಕಿಂತ ಹೆಚ್ಚು ಸಿಕ್ಕು ಬಿಟ್ಟಿತ್ತು, ಉಳಿದದ್ದು ಇನ್ನೂ ಬುಡದಲ್ಲಿ ಮುಷ್ಟಿಯಷ್ಟಿತ್ತು. ಓಣಿಯ ಮಂದಿಯೆಲ್ಲ ಬಾಗಿಲಲ್ಲಿ ನೆರೆದರು. ತಾಯವ್ವನ ಜಡೆ ಸೊಂಟದ ಕೆಳಗಿಳಿದಿತ್ತು, ಕೈತುಂಬುವ ಹಗ್ಗದಷ್ಟು ದಪ್ಪ, ಭಂಡಾರದಿಂದ ಹಳದಿಯಾಗಿತ್ತು. ಬುಟ್ಟಿ ಇಳಿಸಿ, ಕೂತು, ಉಸಿರು ಬಿಟ್ಟು, ಹುಚ್ಚವ್ವನ ಕೈಕೆಲಸವನ್ನೇ ನೋಡತೊಡಗಿದಳು. ಹುಚ್ಚವ್ವ ಕೈ ನಿಲ್ಲಿಸಲಿಲ್ಲ.

ಬಿಟ್ಟುಬಂದ ಕೂದಲನ್ನು ತಾಯವ್ವ ಎತ್ತಿ ಬೆರಳ ಮೇಲೆ ಹಾಯಿಸಿದಳು. "ನೋವ ಆತೇನ ಮಗಳ?"

"ಇಲ್ಲಬೇ ಯಮ್ಮಾ," ಎಂದಳು ಚಂದವ್ವ.

ಮುದುಕಿ ಆ ಕೂದಲನ್ನು ಕೆಳಗಿಳಿಬಿಟ್ಟಳು. ಆಮೇಲೆ ತನ್ನ ಜಡೆಯನ್ನು ಮುಂದಕ್ಕೆ ತಂದು ಹುಚ್ಚವ್ವನ ತೊಡೆಯ ಮೇಲಿಟ್ಟಳು. "ನಂದೂ ಹಿಂಗ ಬಿಡಸಾಕ ಬರ್ತಿತ್ತೇನು?"

ಹುಚ್ಚವ್ವ ಅದನ್ನು ತುದಿಯಿಂದ ಬುಡದವರೆಗೆ ಒತ್ತಿ ನೋಡಿದಳು. ಎಳೆ ಎನ್ನುವುದು ಎಲ್ಲೂ ಉಳಿದಿರಲಿಲ್ಲ. ಸುಳ್ಳು ಹೇಳಬಹುದಿತ್ತು. ಅವಳಿಗೆ ಅದು ಹೊಳೆಯಲಿಲ್ಲ.

"ಆವಾಗ ಬರ್ತಿತ್ತು. ಈಗ ಬರೂದಿಲ್ಲ."

"ನನಗೂ ಜ್ವರಾನ ಬಂದಿತ್ತು," ಎಂದಳು ತಾಯವ್ವ. ಯಾರಿಗೆ ಹೇಳಿದಳೋ ತಿಳಿಯಲಿಲ್ಲ. ಜಡೆಯನ್ನು ಹಿಂದಕ್ಕೆ ಹಾಕಿಕೊಂಡು, ಬುಟ್ಟಿ ಎತ್ತಿಕೊಂಡು ಎದ್ದಳು. ಬಾಗಿಲಲ್ಲಿ ಹುಲ್ಲಪ್ಪ ಕೈಮುಗಿದು ನಿಂತಿದ್ದ.

"ಏನ್ ನೋಡ್ತಿ? ಇದು ಜಡಿ ಅಲ್ಲ, ಸಿಕ್ಕು."

"ಖರೇನ ಹೇಳಾಕತ್ತಿಯೇನ ಯವ್ವಾ?"

"ತಲಿ ಮ್ಯಾಲ ಹೊತ್ತಾಕಿ ನಾನೋ, ನೀನೋ?"

ಅಲ್ಲಿಗೆ ಆ ಮಾತು ಮುಗಿಯಿತು. ಬುಡದ ಮುದ್ದೆಯೂ ಬಿಟ್ಟಿತು. ಒಂದು ಹಿಡಿ ಕೂದಲು ಹೋಯಿತು, ಅದು ಜ್ವರದ ಪಾಲು. ಉಳಿದದ್ದಕ್ಕೆ ಅಗಲ ಹಲ್ಲಿನ ಕಟ್ಟಿಗೆಯ ಹಣಿಗೆ ಸರಾಗವಾಗಿ ಹಾಯಿತು. ಜಡೆಯ ಸುದ್ದಿ ಕೇಳಿ ಕಲಾದಗಿಯ ಬೀಗರು ಓಡಿಬಂದರು. ಆಗಲಿರುವ ಅತ್ತೆ ಹೂ ಮುಡಿಸುವ ನೆಪದಲ್ಲಿ ಚಂದವ್ವನ ತಲೆಯೆಲ್ಲ ತಡವಿ ನೋಡಿ, ಹೆರಳು ತುಸು ಸಣ್ಣದಾಯಿತೆಂದು ಗೊಣಗಿ, ಮದುವೆ ಮಾಡಿಕೊಂಡು ಹೋದಳು. ಹುಲ್ಲಪ್ಪ ಎಲ್ಲರಿಗಿಂತ ಹೆಚ್ಚು ಓಡಾಡಿದ.

ಆಮೇಲೆ ಹುಚ್ಚವ್ವನಿಗೆ ಉಣ್ಣೆಯ ಜೊತೆ ಇನ್ನೊಂದು ಕೆಲಸ ಅಂಟಿಕೊಂಡಿತು. ಜ್ವರದಿಂದೆದ್ದವರು, ಬಾಣಂತಿಯರು, ತಾಯಿಯ ಕೈಗೆ ತಲೆ ಕೊಡಲು ಒಲ್ಲದ ಹುಡುಗಿಯರು ಅವಳ ಕಟ್ಟೆಗೆ ಬರತೊಡಗಿದರು. ಬಳೆ ಮಾರುವ ಜುಲೇಖಾ ಬಾಗಲಕೋಟೆಯವರೆಗೆ ಸುದ್ದಿ ಮುಟ್ಟಿಸಿದಳು. ತಾಯವ್ವನೂ ಬಂದಳು.

"ಬಿಡಸಾಕ ಬ್ಯಾಡ. ಬರೇ ತೊಳದ ಕೊಡು, ವಜ್ಜಿ ಆಗೇತಿ, ಕುತ್ತಿಗಿ ಜಗ್ತೈತಿ."

ಹುಚ್ಚವ್ವ ತೊಳೆದಳು. ಜಡೆ ಆರಲು ಒಂದು ಹಗಲು ಬಿಸಿಲು ಬೇಕಾಯಿತು. ಅಂದಿನಿಂದ ಅಮಾವಾಸ್ಯೆ ಮುಂದಿದ್ದಾಗ ಬರುವುದು, ತೊಳೆಸಿಕೊಳ್ಳುವುದು, ಬಿಸಿಲಿಗೆ ಬೆನ್ನು ಕೊಟ್ಟು ಕೂಡುವುದು ರೂಢಿಯಾಯಿತು. ಕತ್ತರಿಸಿಬಿಡೋಣ ಎಂದು ಅವಳಿಗೆ ಯಾಕೆ ಹೇಳುವುದಿಲ್ಲವೆಂದು ಅಮಸಿದ್ದಪ್ಪ ಹೆಂಡತಿಯನ್ನು ಕೇಳಿದ.

"ಆಕಿ ಕೇಳಿಲ್ಲ," ಎಂದಳು ಹುಚ್ಚವ್ವ.

ಎಂಬತ್ತಮೂರರ ಬೇಸಿಗೆಯಲ್ಲಿ ಕೇಳಿದಳು. ಕುತ್ತಿಗೆ ತಿರುಗಿಸಲಾಗದೆ ಮುದುಕಿ ಎಷ್ಟೋ ದಿನ ಮಲಗಿರಲಿಲ್ಲ. ಹುಚ್ಚವ್ವ ಕುರಿಯ ಉಣ್ಣೆ ಕತ್ತರಿಸುವ ಕತ್ತರಿಯನ್ನು ತಿಕ್ಕಿ ತೊಳೆದು ತಂದಳು. ಜಡೆ ಕೆಳಗೆ ಬಿದ್ದಾಗ ತಾಯವ್ವನ ತಲೆ ತಾನಾಗಿ ಮುಂದಕ್ಕೆ ವಾಲಿತು. ಎದ್ದು ನಾಲ್ಕು ಹೆಜ್ಜೆ ಇಡುವುದರೊಳಗೆ ಮುಗ್ಗರಿಸಿದಳು. ನೆಟ್ಟಗೆ ನಡೆಯುವುದು ರೂಢಿಯಾಗಲು ಸುಗ್ಗಿಯವರೆಗೆ ಹಿಡಿಯಿತು.

ಜಡೆಯನ್ನು ಹಸಿರು ಕುಪ್ಪಸದ ಅರಿವೆಯಲ್ಲಿ ಸುತ್ತಿ ಇಬ್ಬರೂ ಕಲಾದಗಿಗೆ ಹೋಗಿ ಘಟಪ್ರಭೆಗೆ ಬಿಟ್ಟರು. ಅದು ತುಸು ದೂರ ತೇಲಿ ದಂಡೆಯ ಜಾಲಿಕಂಟಿಗೆ ತೊಡರಿತು. ಹುಚ್ಚವ್ವ ಮೊಣಕಾಲ ನೀರಿಗಿಳಿದು ಬಿಡಿಸಿ ಮುಂದೆ ಕಳಿಸಿದಳು. ತಾಯವ್ವ ದಂಡೆಯ ಮೇಲೆ ಕೂತು ಅತ್ತಳು. ಅತ್ತು ಮುಗಿಯುವವರೆಗೆ ಹುಚ್ಚವ್ವ ಸೀರೆ ಹಿಂಡಿಕೊಳ್ಳುತ್ತ ನಿಂತಿದ್ದಳು. ಅಲ್ಲಿಂದ ಚಂದವ್ವನ ಮನೆಗೆ ಊಟಕ್ಕೆ ಹೋದರು. ಚಂದವ್ವ ಎಣ್ಣೆಯ ಬಟ್ಟಲು ತಂದು, ಮುದುಕಿಯ ಬೆರಳುದ್ದದ ಬಿಳಿ ಕೂದಲಿಗೆ ಹಚ್ಚಲು ಕೂತಳು.

"ಅದೆಲ್ಲಾ ಆಮ್ಯಾಲ. ಮೊದಲ ರೊಟ್ಟಿ ಹಾಕು, ಹಸದೇನಿ," ಎಂದಳು ತಾಯವ್ವ.

ಜಡೆ ಹೋದ ಮೇಲೆ ಅವಳ ಬುಟ್ಟಿಗೆ ಜೋಳ ಹಾಕುವವರು ಕಡಿಮೆಯಾದರು. ಹುಚ್ಚವ್ವ ತನ್ನ ಕಟ್ಟೆಯ ಮೇಲೆ ಉಣ್ಣೆಯ ಒಂದು ಗುಡ್ಡೆ ಅವಳ ಮುಂದೆ ಸರಿಸಿದಳು. ತಾಯವ್ವ ಸಾಯುವವರೆಗೆ ಅಲ್ಲೇ ಕೂತು ಉಣ್ಣೆ ಬಿಡಿಸಿದಳು. ಕೈ ಒರಟು, ಎಳೆ ಹರಿಯುತ್ತಿತ್ತು.

"ಮೆಲ್ಲಕ, ತಾಯವ್ವಾ," ಅನ್ನುತ್ತಿದ್ದಳು ಹುಚ್ಚವ್ವ.

"ಮೆಲ್ಲಕ ಮಾಡಾಕ ನಿನಗ ವಯಸ್ಸೈತಿ, ಮಾಡಬೇ," ಅನ್ನುತ್ತಿದ್ದಳು ತಾಯವ್ವ, ಮತ್ತೆ ಎಳೆಯುತ್ತಿದ್ದಳು. ಆ ವರ್ಷಗಳಲ್ಲಿ ಅಮಸಿದ್ದಪ್ಪ ನೇಯ್ದ ಕಂಬಳಿಗಳು ಸ್ವಲ್ಪ ಚುಚ್ಚುತ್ತಿದ್ದವೆಂದು ಕೊಂಡವರು ಹೇಳುತ್ತಿದ್ದರು.